ಒಂದೇ ಗುರು, ಎರಡು ರಸೀದಿ ಪುಸ್ತಕ: ಧಾರ್ಮಿಕ ಸಂಸ್ಥೆಗಳ ನಡುವಿನ ವ್ಯಾಜ್ಯ ಬಗೆಹರಿಸುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಹರೇಕೃಷ್ಣ ಗಿರಿಯ ಮಂದಿರ ಯಾರ ಆಸ್ತಿ ಎಂಬ ದಾವೆ ಸಿವಿಲ್ ನ್ಯಾಯಾಲಯಕ್ಕೆ ಬಂದದ್ದು 2001ರಲ್ಲಿ. ಒಂದು ಕಡೆ 1971ರಲ್ಲಿ ಮುಂಬೈಯಲ್ಲಿ ನೋಂದಣಿಯಾದ ಇಸ್ಕಾನ್, ಇನ್ನೊಂದು ಕಡೆ 1978ರಲ್ಲಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದ ಇಸ್ಕಾನ್ ಬೆಂಗಳೂರು. ಇಬ್ಬರಿಗೂ ಶ್ರೀಲ ಪ್ರಭುಪಾದರೇ ಗುರುಗಳು, ಇಬ್ಬರದೂ ಅದೇ ಮಹಾಮಂತ್ರ. 2009ರಲ್ಲಿ ಸಿವಿಲ್ ನ್ಯಾಯಾಲಯ ಬೆಂಗಳೂರಿನವರ ಪರ ತೀರ್ಪಿತ್ತಿತು, 2011ರಲ್ಲಿ ಹೈಕೋರ್ಟ್ ಅದನ್ನು ತಿರುವುಮುರುವು ಮಾಡಿತು, 2025ರ ಮೇ 16ರಂದು ಸುಪ್ರೀಂ ಕೋರ್ಟ್ ಮತ್ತೆ ಬೆಂಗಳೂರಿನವರ ಪರ ಬಂತು. ಅದರ ಮೇಲೂ ಮರುಪರಿಶೀಲನಾ ಅರ್ಜಿ ಬಿತ್ತು. ಭಿನ್ನಾಭಿಪ್ರಾಯದ ಬೇರು ಇದ್ದದ್ದು 1977ರಲ್ಲಿ ಗುರುಗಳು ದೇಹ ಬಿಟ್ಟ ಮೇಲೆ ದೀಕ್ಷೆ ನಡೆಯಬೇಕಾದ ಕ್ರಮ ಯಾವುದು ಎಂಬ ಪ್ರಶ್ನೆಯಲ್ಲಿ. ನ್ಯಾಯಾಲಯಗಳು ಇಷ್ಟು ವರ್ಷ ತಡಕಾಡಿದ್ದು ಮಾತ್ರ ಬೇರೆಯದನ್ನೇ: ಜಾಗ ಯಾವ ಸಂಘದ ಹೆಸರಿಗೆ ಮಂಜೂರಾಯಿತು, ಬೆಂಗಳೂರಿನದು ಸ್ವತಂತ್ರ ಸಂಘವೋ ಮುಂಬೈಯ ಶಾಖೆಯೋ.

ಒಂದೇ ಧ್ಯೇಯದ ಎರಡು ಸಂಸ್ಥೆಗಳು ಕಿತ್ತಾಡುವಾಗ ನಿಜವಾದ ಶಿಷ್ಯರು ಯಾರು, ಮೂಲ ಪರಂಪರೆ ಯಾರದು ಎಂದು ತೀರ್ಮಾನಿಸಿಕೊಡುವ ಕಚೇರಿ ಈ ದೇಶದಲ್ಲಿ ಇಲ್ಲ. ಕೀಲಿಕೈ, ಖಾತೆ, ಹೆಸರು, ಉತ್ಸವದ ದಿನ ಇವುಗಳನ್ನು ತೀರ್ಮಾನಿಸಬಹುದು. ಆದ್ದರಿಂದ ಸಿದ್ಧಾಂತಕ್ಕೆ ಕೈಹಾಕದೆ ಈ ನಾಲ್ಕನ್ನು ಬಿಡಿಸುವ ಕ್ರಮವನ್ನಷ್ಟೇ ಇಲ್ಲಿ ಹೇಳಿದೆ. ಟ್ರಸ್ಟ್ ಮತ್ತು ಭಜನಾ ಮಂಡಳಿ, ಎರಡು ಮಠ, ಜೀರ್ಣೋದ್ಧಾರ ಸಮಿತಿ ಮತ್ತು ವ್ಯವಸ್ಥಾಪನಾ ಸಮಿತಿ, ಒಡೆದು ಎರಡಾದ ಸೇವಾ ಸಂಘ, ಎಲ್ಲಕ್ಕೂ ಇದೇ ದಾರಿ. ಸಭೆಯ ಹೆಸರಿನಲ್ಲಿ ಒಡೆದ ಚರ್ಚು, ಜಮಾತಿನ ಆಡಳಿತದ ತಕರಾರುಗಳಿಗೂ ಇದರ ಬಹುಪಾಲು ಹೊಂದುತ್ತದೆ. ವಕ್ಫ್ ಆಸ್ತಿಯಾದರೆ ಕಾನೂನಿನ ಭಾಗ ಬೇರೆ, ಅದು ವಕ್ಫ್ ಮಂಡಳಿ ಮತ್ತು ನ್ಯಾಯಮಂಡಳಿಯ ದಾರಿ ಹಿಡಿಯುತ್ತದೆ.

ಹಂತ 1: ದೂರುಗಳನ್ನು ಐದು ರಾಶಿ ಮಾಡಿ

ಎರಡೂ ಕಡೆಯವರು ಬೇರೆ ಬೇರೆ ಕೂತು ತಮ್ಮ ದೂರುಗಳನ್ನೆಲ್ಲ ಬರೆಯಲಿ. ಒಂದು ದೂರಿಗೆ ಒಂದೇ ವಾಕ್ಯ, ಅದರಲ್ಲಿ ವಿಶೇಷಣ ಬೇಡ. ‘ಅವರು ದರ್ಪದಿಂದ ನಮ್ಮನ್ನು ಹೊರಗಿಟ್ಟರು’ ಎಂದಿದ್ದರೆ ಅದನ್ನು ‘ಯುಗಾದಿಯ ದಿನ ಉಗ್ರಾಣದ ಬೀಗ ಬದಲಾಗಿತ್ತು, ಹೊಸ ಕೀಲಿ ನಮಗೆ ಕೊಟ್ಟಿಲ್ಲ’ ಎಂದು ತಿದ್ದಬೇಕು. ಬರೆದವರು ಒಪ್ಪದಿದ್ದರೂ ತಿದ್ದಿಸಿ. ಅರ್ಧ ಸಿಟ್ಟು ಈ ತಿದ್ದುಪಡಿಯಲ್ಲೇ ಇಳಿಯುತ್ತದೆ, ಯಾಕೆಂದರೆ ಮೂವತ್ತು ದೂರುಗಳು ಎಂದುಕೊಂಡದ್ದು ಏಳೆಂಟಕ್ಕೆ ಬಂದು ನಿಲ್ಲುತ್ತದೆ.

ಆಮೇಲೆ ರಾಶಿ ಮಾಡಿ: ಜಾಗ, ದುಡ್ಡು, ಹೆಸರು, ಪೂಜೆ-ಉತ್ಸವದ ಸರದಿ, ಸಿದ್ಧಾಂತ. ಐದನೆಯ ರಾಶಿಯನ್ನು ಲಕೋಟೆಗೆ ಹಾಕಿ ಪಕ್ಕಕ್ಕಿಡಿ. ಅದನ್ನು ಯಾರೂ ಬಿಟ್ಟುಕೊಡಬೇಕಿಲ್ಲ. ಅದು ಮಾತುಕತೆಯ ಮೇಜಿಗೆ ಬರಬಾರದು, ಅಷ್ಟೇ. ಒಪ್ಪಂದದ ಮೊದಲ ಕಲಮಿನಲ್ಲಿ ‘ಸಿದ್ಧಾಂತ, ಗುರುಪರಂಪರೆ ಹಾಗೂ ದೀಕ್ಷಾಕ್ರಮದ ಬಗ್ಗೆ ಎರಡೂ ಸಂಸ್ಥೆಗಳ ನಿಲುವು ಹಾಗೆಯೇ ಉಳಿದಿದೆ, ಈ ಒಪ್ಪಂದದಿಂದ ಯಾವುದನ್ನೂ ಒಪ್ಪಿಕೊಂಡಂತಾಗದು’ ಎಂದು ಬರೆಯುತ್ತೀರಿ. ಇಷ್ಟು ಬರಹದಲ್ಲಿ ಸಿಕ್ಕರೆ ಗಟ್ಟಿ ಸಿದ್ಧಾಂತಿಗಳೂ ಕೀಲಿಕೈ ವಿಷಯದಲ್ಲಿ ಸಡಿಲವಾಗುತ್ತಾರೆ.

ಹಂತ 2: ಮಾತುಕತೆಗೆ ಮೊದಲು ತಾತ್ಕಾಲಿಕ ಮುಚ್ಚಳಿಕೆ

ಹೆಚ್ಚಿನವರು ಈ ಹಂತ ಹಾರುತ್ತಾರೆ, ಎಡವುವುದೂ ಇಲ್ಲೇ. ಮಾತುಕತೆ ಶುರುವಾದ ವಾರವೇ ಒಬ್ಬರು ಹೊಸ ಬೀಗ ಹಾಕುತ್ತಾರೆ, ಇನ್ನೊಬ್ಬರು ಠಾಣೆಗೆ ಹೋಗುತ್ತಾರೆ. ಶಾಂತಿಭಂಗದ ವರದಿ ತಹಶೀಲ್ದಾರರ ಮುಂದೆ ಹೋದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 164 ಮತ್ತು 165ನೇ ಕಲಮುಗಳ ಅಡಿಯಲ್ಲಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 145, 146) ಜಾಗ ಜಪ್ತಿಯಾಗಬಹುದು. ಆಗ ಗುಡಿಯ ಬಾಗಿಲಿಗೆ ಬೀಳುವ ಬೀಗ ಇಬ್ಬರದೂ ಅಲ್ಲ, ಸರ್ಕಾರದ್ದು. ಬ್ಯಾಂಕಿನದೂ ಇದೇ ಕಥೆ. ಎರಡು ಬಣಗಳಿಂದ ಒಂದಕ್ಕೊಂದು ವಿರುದ್ಧವಾದ ಎರಡು ಠರಾವುಗಳು ಬಂದರೆ ಮ್ಯಾನೇಜರ್ ಖಾತೆಯನ್ನು ತಡೆಹಿಡಿಯುತ್ತಾರೆ. ಅರ್ಚಕರ ಸಂಬಳ, ಕರೆಂಟ್ ಬಿಲ್ಲು, ನೈವೇದ್ಯದ ಅಕ್ಕಿ ಎಲ್ಲ ಅಲ್ಲೇ ನಿಲ್ಲುತ್ತದೆ.

ಆದ್ದರಿಂದ ಮೊದಲ ವಾರದಲ್ಲೇ ಎರಡು ಪುಟದ ಮುಚ್ಚಳಿಕೆಗೆ, ಅಂದರೆ ಬರವಣಿಗೆಯ ವಾಗ್ದಾನಕ್ಕೆ, ಸಹಿ ಹಾಕಿಸಿ. ಅವಧಿ 90 ದಿನ, ಇಬ್ಬರೂ ಒಪ್ಪಿದರೆ ಇನ್ನೊಮ್ಮೆ 90. ಅದರಲ್ಲಿ ಇರಬೇಕಾದದ್ದು:

ಕೀಲಿಕೈ: ಈಗಿರುವ ಬೀಗಗಳೇ ಮುಂದುವರಿಯಬೇಕು. ಗರ್ಭಗುಡಿಯ ಕೀಲಿ ಅರ್ಚಕರ ಬಳಿಯೇ ಇರಲಿ, ಸಮಿತಿಗಳ ಕೈಗೆ ಬೇಡ. ಉಗ್ರಾಣ ಮತ್ತು ಕಚೇರಿಗೆ ಮಾತ್ರ ಎರಡೆರಡು ಬೀಗ, ಒಂದೊಂದು ಕಡೆಗೆ ಒಂದೊಂದು ಕೀಲಿ.

ಹುಂಡಿ: ಎರಡು ಬೀಗ. ತೆರೆಯುವ ದಿನವನ್ನು ಮೊದಲೇ ಗೊತ್ತು ಮಾಡಿ, ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಇಟ್ಟುಕೊಂಡರೆ ಎಣಿಸಿದ ಹಣ ಅದೇ ದಿನ ಬ್ಯಾಂಕಿಗೆ ಹೋಗುತ್ತದೆ. ಒಂದೊಂದು ಕಡೆಯಿಂದ ಇಬ್ಬರಿಬ್ಬರು, ಜೊತೆಗೆ ಇಬ್ಬರೂ ಒಪ್ಪಿದ ಹೊರಗಿನ ಒಬ್ಬರು. ಹುಂಡಿ ತೆರೆದಾಗಿನಿಂದ ಚೀಲಕ್ಕೆ ಸೀಲು ಬೀಳುವವರೆಗೆ ಬಿಡದೆ ವಿಡಿಯೊ. ಎಣಿಕೆ ಚೀಟಿ ಮೂರು ಪ್ರತಿ, ಐವರ ಸಹಿ. ಕಾಣಿಕೆಯಾಗಿ ಬಂದ ಚಿನ್ನ-ಬೆಳ್ಳಿಯನ್ನು ತೂಗದೆ ಒಳಗಿಡಬೇಡಿ, ‘ಒಂದು ಸರ’ ಎಂದು ಬರೆದ ಪಟ್ಟಿ ಮುಂದೆ ಕೋರ್ಟಿನಲ್ಲಿ ಯಾರ ಕೆಲಸಕ್ಕೂ ಬರದು. ಗ್ರಾಂ, ಫೋಟೊ, ಲಕೋಟೆಯ ಸೀಲು ಮೂರೂ ಬೇಕು.

ಬ್ಯಾಂಕ್: ಇದಕ್ಕಾಗಿ ಹೊಸ ಜಂಟಿ ಖಾತೆ ತೆರೆಯುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಯಾವ ಪ್ಯಾನ್‌ಗೆ ಸೇರಿದ ಆದಾಯ, ಯಾರ ವಿನಾಯಿತಿ ಅನ್ವಯ ಎಂಬ ಹೊಸ ತಲೆನೋವು ಹುಟ್ಟುತ್ತದೆ. ಹುಂಡಿ ಯಾರ ಹೆಸರಿನಲ್ಲಿ ಇದೆಯೋ ಅವರ ಖಾತೆಗೇ ಹಣ ಹೋಗಲಿ, ‘ಹಕ್ಕುಗಳಿಗೆ ಧಕ್ಕೆಯಿಲ್ಲದೆ’ ಎಂದು ಮುಚ್ಚಳಿಕೆಯಲ್ಲಿ ಬರೆಯಿರಿ, ಖರ್ಚನ್ನು ಒಂದು ಪಟ್ಟಿಗೆ ಕಟ್ಟಿಹಾಕಿ: ನೈವೇದ್ಯ, ಸಂಬಳ, ನೀರು-ಕರೆಂಟ್, ದೀಪದೆಣ್ಣೆ, ತುರ್ತು ರಿಪೇರಿ. ಪಟ್ಟಿಯ ಹೊರಗಿನ ಯಾವ ಚೆಕ್ಕಿಗೂ ಎರಡೂ ಕಡೆಯ ಸಹಿ ಬೇಕು.

ಕ್ಯೂಆರ್ ಸ್ಟಿಕ್ಕರ್: ಈಗಿನ ಜಗಳಗಳು ಹೊತ್ತಿಕೊಳ್ಳುವ ಜಾಗ ಇದು. ಸೇವಾ ಕೌಂಟರಿನ ಗಾಜಿನ ಮೇಲೆ ಒಂದು ಟ್ರಸ್ಟಿನ ಸ್ಟಿಕ್ಕರ್, ಅದರ ಮೇಲೆ ಅರ್ಧ ಮುಚ್ಚುವಂತೆ ಇನ್ನೊಂದರದು, ಕೆಳಗೆ ಯಾರೋ ಕೆರೆದ ಗುರುತು. ಭಕ್ತರು ಒಂದಕ್ಕೆ ದುಡ್ಡು ಹಾಕಿ ಇನ್ನೊಂದರ ರಸೀದಿ ಕೇಳುತ್ತಾರೆ. ಮುಚ್ಚಳಿಕೆಯಲ್ಲಿ ಕೌಂಟರಿಗೆ ಒಂದೇ ಸ್ಟಿಕ್ಕರ್ ಎಂದು ಬರೆದು, ಆ ಯುಪಿಐ ಐಡಿಯನ್ನೇ ನಮೂದಿಸಿ. ಎರಡನೆಯವರಿಗೆ ಬೇರೆ ಕೌಂಟರ್, ಬೇರೆ ಫಲಕ.

ಮೊಬೈಲ್ ಲೋಕ: ಫೇಸ್‌ಬುಕ್ ಪುಟ, ಯೂಟ್ಯೂಬ್ ಚಾನೆಲ್, ಗೂಗಲ್ ನಕ್ಷೆಯಲ್ಲಿನ ದೇವಸ್ಥಾನದ ಗುರುತು, ಭಕ್ತರ ವಾಟ್ಸ್‌ಆ್ಯಪ್ ಗುಂಪು ಇವುಗಳಿಂದ ಯಾವ ಅಡ್ಮಿನ್‌ನನ್ನೂ ಈ ಅವಧಿಯಲ್ಲಿ ತೆಗೆಯಬಾರದು. ಒಬ್ಬರ ಬಗ್ಗೆ ಇನ್ನೊಬ್ಬರು ಏನನ್ನೂ ಹಾಕಬಾರದು. ಪತ್ರಿಕೆಯವರು ಕೇಳಿದರೆ ಇಬ್ಬರೂ ಹೇಳುವ ಒಂದೇ ವಾಕ್ಯವನ್ನು ಮೊದಲೇ ಬರೆದಿಡಿ.

ಹಂತ 3: ಸಹಿ ಹಾಕುವ ಅಧಿಕಾರ ಯಾರಿಗಿದೆ?

ಅಧ್ಯಕ್ಷರು ಒಪ್ಪಿದ ರಾಜಿಯನ್ನು ಮಹಾಸಭೆ ಹರಿದುಹಾಕುವುದು ಹೊಸದೇನಲ್ಲ. ಸಂಘವಾದರೆ ಆಡಳಿತ ಮಂಡಳಿಯ ಠರಾವು ಬೇಕು. ಬೈಲಾ ಕೇಳಿದರೆ ಮಹಾಸಭೆಯ ಠರಾವೂ ಬೇಕು. ಟ್ರಸ್ಟ್ ಆದರೆ ಟ್ರಸ್ಟ್ ಪತ್ರ ತೆಗೆದು ನೋಡಿ: ಬಹುಮತ ಸಾಕು ಎಂದು ಅದರಲ್ಲಿ ಬರೆದಿಲ್ಲದಿದ್ದರೆ ಎಲ್ಲ ಟ್ರಸ್ಟಿಗಳೂ ಸೇರಿಯೇ ನಿರ್ಧರಿಸಬೇಕಾಗುತ್ತದೆ. ಮಠವಾದರೆ ಪೀಠಾಧಿಪತಿಗಳ ಲಿಖಿತ ಅಧಿಕಾರ ಪತ್ರ. ‘ಸ್ವಾಮಿಗಳು ಹೂಂ ಅಂದಿದ್ದಾರೆ’ ಎಂಬ ಏಜೆಂಟರ ಮಾತು ಸಾಲದು. ದೇವಸ್ಥಾನ ಮುಜರಾಯಿಯ ಅಧಿಸೂಚಿತ ಪಟ್ಟಿಯಲ್ಲಿದ್ದರೆ, 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆಯಡಿ ರಚನೆಯಾದ ಒಂಬತ್ತು ಜನರ ವ್ಯವಸ್ಥಾಪನಾ ಸಮಿತಿಯೂ ಇಲಾಖೆಯನ್ನು ಬಿಟ್ಟು ಆಸ್ತಿ ಹಂಚಿಕೊಡಲಾರದು. ಜೀರ್ಣೋದ್ಧಾರದ ಹೆಸರಿನಲ್ಲಿ ಇನ್ನೊಂದು ಖಾಸಗಿ ಟ್ರಸ್ಟ್ ಚಂದಾ ಎತ್ತಿದ್ದರೆ ಮೊದಲು ನೋಡಬೇಕಾದದ್ದು ಇಲಾಖೆಯ ಅನುಮತಿ ಪತ್ರ.

ಮಾತುಕತೆಗೆ ಒಂದೊಂದು ಕಡೆಯಿಂದ ಮೂವರು ಸಾಕು. ಆ ಮೂವರಲ್ಲಿ ಖಜಾಂಚಿ ಒಬ್ಬರು ಇರಲೇಬೇಕು, ಯಾಕೆಂದರೆ ಲೆಕ್ಕ ಅವರಿಗೇ ಗೊತ್ತು. ಸಂಸ್ಥೆ ಒಡೆದ ದಿನ ವೇದಿಕೆ ಮೇಲೆ ಕೂಗಾಡಿದವರು ಬೇಡ. ಅರ್ಚಕರನ್ನು ಪ್ರತಿನಿಧಿ ಮಾಡಬೇಡಿ, ಪೂಜಾಕ್ರಮದ ಪ್ರಶ್ನೆ ಬಂದಾಗ ಕರೆದು ಕೇಳಿ.

ಆಡಳಿತ ಮಂಡಳಿ ಯಾವುದು ಎಂಬುದೇ ತಕರಾರಾಗಿದ್ದರೆ? ಸಂಘಗಳ ನೋಂದಣಾಧಿಕಾರಿಗೆ ವರ್ಷವರ್ಷ ಸಲ್ಲಿಸಿದ ಪಟ್ಟಿಗಳ ದೃಢೀಕೃತ ನಕಲು ತನ್ನಿ. ಸಲ್ಲಿಕೆ ತಪ್ಪಿದ ವರ್ಷಗಳಿದ್ದರೆ ಜಗಳದ ಬೀಜ ಅಲ್ಲಿ ಸಿಗುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ 25ನೇ ಕಲಮಿನಡಿ ಅವರಿಂದಲೇ ವಿಚಾರಣೆ ಕೇಳಬಹುದು, ಆದರೆ ಅದು ಆಡಳಿತಾಧಿಕಾರಿಯ ನೇಮಕದಲ್ಲಿ ಮುಗಿಯುವ ಸಾಧ್ಯತೆಯೂ ಇದೆ ಎಂದು ತಿಳಿದೇ ಅರ್ಜಿ ಹಾಕಿ. ಎದುರಾಳಿಯನ್ನು ಹೊರಹಾಕಲು ಹೋದವರು ತಾವೂ ಹೊರಗೆ ನಿಂತು ನೋಡುವ ಸ್ಥಿತಿ ಅದು.

ಹಂತ 4: ಕಾಗದಪತ್ರ

ಇದಕ್ಕೆ ಹದಿನೈದು ದಿನ ಕೊಡಿ. ಕ್ರಯಪತ್ರ, ದಾನಪತ್ರ ಅಥವಾ ಪ್ರಾಧಿಕಾರದ ಮಂಜೂರಾತಿ ಪತ್ರ, ಪಹಣಿ ಅಥವಾ ಖಾತಾ, ಕನಿಷ್ಠ 30 ವರ್ಷದ ಋಣಭಾರ ಪತ್ರ, ನೋಂದಣಿ ಪ್ರಮಾಣಪತ್ರ, ಬೈಲಾ ಮತ್ತು ಅದರ ತಿದ್ದುಪಡಿಗಳು, ನಡಾವಳಿ ಪುಸ್ತಕ, ಲೆಕ್ಕಪರಿಶೋಧನಾ ವರದಿ, ವಿದ್ಯುತ್ ಸಂಪರ್ಕ ಯಾರ ಹೆಸರಿನಲ್ಲಿದೆ ಎಂಬುದು. ನಕಲುಗಳ ಒಂದೇ ಕಡತ ಮಾಡಿ, ಪುಟಸಂಖ್ಯೆ ಹಾಕಿ, ಎರಡು ಪ್ರತಿ ತೆಗೆಯಿರಿ. ಇಬ್ಬರೂ ಅದೇ ಕಡತ ನೋಡಿ ಮಾತಾಡಬೇಕು.

ಮೂಲ ಪತ್ರಗಳನ್ನು ಎದುರು ಪಕ್ಷಕ್ಕೂ ಕೊಡಬೇಡಿ, ಮಧ್ಯಸ್ಥರಿಗೂ ಕೊಡಬೇಡಿ. ತೋರಿಸಿ, ವಾಪಸ್ ಇಟ್ಟುಕೊಳ್ಳಿ.

ಒಂದು ಎಚ್ಚರಿಕೆ. ಮಾತುಕತೆ ನಡೆಯುತ್ತಿದೆ ಎಂದು ಕಾಲಮಿತಿ ನಿಲ್ಲುವುದಿಲ್ಲ. ಹಕ್ಕು ಘೋಷಣೆ ಕೇಳುವ ದಾವೆಗೆ ಮೂರು ವರ್ಷ, ಅದು ದಾವೆಯ ಹಕ್ಕು ಮೊದಲ ಸಲ ಹುಟ್ಟಿದ ದಿನದಿಂದಲೇ ಎಣಿಕೆ. ಒಳ್ಳೆಯ ಮನಸ್ಸಿನಿಂದ ಎರಡೂವರೆ ವರ್ಷ ಮಾತಾಡಿ ಕೊನೆಗೆ ಹಕ್ಕೇ ಕಳೆದುಕೊಳ್ಳಬಾರದು. ವಕೀಲರಿಂದ ಕೊನೆಯ ದಿನಾಂಕ ಬರೆಸಿಕೊಂಡು ಕಡತದ ಮೊದಲ ಪುಟಕ್ಕೆ ಅಂಟಿಸಿ.

ಹಂತ 5: ಮಧ್ಯಸ್ಥರ ಆಯ್ಕೆ

ನಮ್ಮಲ್ಲಿ ಮೊದಲು ಹೊಳೆಯುವ ಹೆಸರು ಯಾವುದಾದರೂ ಮಠದ ಸ್ವಾಮಿಗಳದ್ದು. ತಪ್ಪಿಲ್ಲ. ಧರ್ಮಸ್ಥಳದಲ್ಲಿ ಧರ್ಮಾಧಿಕಾರಿಗಳು ವ್ಯಾಜ್ಯ ಕೇಳಿ ತೀರ್ಮಾನ ಹೇಳುವ ಹೊಯ್ಲು ಪದ್ಧತಿ ಇಂದಿಗೂ ನಡೆದುಬಂದಿದೆ, ಕೋರ್ಟಿನ ಮೆಟ್ಟಿಲು ಹತ್ತದೆ ಎಷ್ಟೋ ಗಡಿ ತಕರಾರುಗಳು ಅಲ್ಲಿ ಮುಗಿದಿವೆ. ಆದರೆ ಅಂಥ ತೀರ್ಮಾನ ನಿಲ್ಲುವುದು ಕೇಳಿದವರ ಮನಸ್ಸಾಕ್ಷಿಯ ಬಲದಿಂದ. ಸಂಸ್ಥೆಗಳ ಪದಾಧಿಕಾರಿಗಳು ಬದಲಾಗುತ್ತಾರೆ, ಹೊಸಬರು ಆ ಸನ್ನಿಧಿಯಲ್ಲಿ ನಿಂತು ಮಾತು ಕೊಟ್ಟವರಲ್ಲ. ಹಾಗಾಗಿ ಹಿರಿಯರ ಬಾಯಲ್ಲಿ ಬಂದದ್ದನ್ನು ಕಾನೂನಿನ ಕಾಗದಕ್ಕೂ ಇಳಿಸಬೇಕು.

ಇಬ್ಬರು ಮಧ್ಯಸ್ಥರು ಇದ್ದರೆ ಅನುಕೂಲ: ಸಂಪ್ರದಾಯ ಬಲ್ಲ, ಆದರೆ ಎರಡೂ ಸಂಸ್ಥೆಗೆ ಸೇರದ ಹಿರಿಯರೊಬ್ಬರು, ಜೊತೆಗೆ ನಿವೃತ್ತ ನ್ಯಾಯಾಧೀಶರು ಅಥವಾ ತರಬೇತಿ ಪಡೆದ ಮಧ್ಯಸ್ಥಗಾರರು. ದಾವೆ ಈಗಾಗಲೇ ಬೆಂಗಳೂರಿನ ನ್ಯಾಯಾಲಯದಲ್ಲಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮಿನಡಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿಕೊಡಿ ಎಂದು ಕೇಳಬಹುದು. ಜಿಲ್ಲೆಗಳಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ದಾವೆ ಹೂಡುವ ಮೊದಲೂ ಅಲ್ಲಿ ಲೋಕ ಅದಾಲತ್‌ಗೆ ಅರ್ಜಿ ಹಾಕಬಹುದು.

ಇಬ್ಬರಿಗೂ ದೊಡ್ಡ ದೇಣಿಗೆ ಕೊಡುವ ಉದ್ಯಮಿ ಬೇಡ. ಶಾಸಕರೂ ಬೇಡ, ಮುಂದಿನ ಚುನಾವಣೆಯಲ್ಲಿ ಅವರು ಸೋತರೆ ನಿಮ್ಮ ರಾಜಿಯೂ ಸೋಲುತ್ತದೆ.

ಟ್ರಸ್ಟ್ ಪತ್ರದಲ್ಲಿ ‘ಪಂಚಾಯ್ತಿ ತೀರ್ಪಿಗೆ ಒಪ್ಪಿಸತಕ್ಕದ್ದು’ ಎಂಬ ಕಲಮು ಇದ್ದರೆ ಅದನ್ನೇ ನಂಬಿ ಕೂರಬೇಡಿ. ಟ್ರಸ್ಟಿನ ಒಳಗಿನ, ಟ್ರಸ್ಟ್ ಕಾಯ್ದೆಗೆ ಸೇರಿದ ವ್ಯಾಜ್ಯಗಳನ್ನು ಆರ್ಬಿಟ್ರೇಶನ್‌ಗೆ ಒಯ್ಯಲಾಗದು ಎಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಎರಡು ಬೇರೆ ಬೇರೆ ಸಂಸ್ಥೆಗಳು ತಮ್ಮ ನಡುವೆ ಮಾಡಿಕೊಂಡ ಕರಾರಿನ ಮಾತು ಬೇರೆ.

ಹಂತ 6: ಕೂತು ಮಾತಾಡುವುದು

ಆಹ್ವಾನ ಪತ್ರ ಚಿಕ್ಕದಾಗಿರಲಿ. ಹೀಗೆ ಬರೆದರೆ ಸಾಕು: ‘ಮಾನ್ಯರೇ, ನಮ್ಮ ಎರಡೂ ಸಂಸ್ಥೆಗಳ ನಡುವೆ ಕಲ್ಯಾಣ ಮಂಟಪದ ಬಳಕೆ, ರಥೋತ್ಸವದ ಖರ್ಚು ಹಾಗೂ ಸಂಸ್ಥೆಯ ಹೆಸರಿನ ಬಳಕೆ ಬಗ್ಗೆ ಇರುವ ಭಿನ್ನಾಭಿಪ್ರಾಯವನ್ನು ಮಾತುಕತೆಯಲ್ಲಿ ಬಗೆಹರಿಸಿಕೊಳ್ಳಲು ನಮ್ಮ ಮಂಡಳಿ ಠರಾವು ಮಾಡಿದೆ. ತಮ್ಮ ಕಡೆಯಿಂದ ಮೂವರು ಪ್ರತಿನಿಧಿಗಳನ್ನು ಸೂಚಿಸಬೇಕಾಗಿ ವಿನಂತಿ. ಈ ಪತ್ರ ಯಾರ ಹಕ್ಕಿಗೂ ಧಕ್ಕೆಯಿಲ್ಲದೆ ಬರೆದದ್ದು.’ ಹಳೆಯ ಕಹಿ, ಉಪಕಾರ ಸ್ಮರಣೆ, ಶ್ಲೋಕ ಯಾವುದೂ ಬೇಡ. ಶ್ಲೋಕ ಹಾಕಿದರೆ ಉತ್ತರವಾಗಿ ಇನ್ನೊಂದು ಶ್ಲೋಕ ಬರುತ್ತದೆ.

ಬೈಠಕ್ ಎರಡೂವರೆ ಗಂಟೆ ದಾಟಬಾರದು. ಸ್ಥಳ ಮೂರನೆಯವರದಿರಲಿ. ರಥೋತ್ಸವ, ಆರಾಧನೆ, ನವರಾತ್ರಿಯ ಹಿಂದಿನ ಹದಿನೈದು ದಿನ ಬೈಠಕ್ ಇಡಬೇಡಿ: ಆಗ ಎಲ್ಲರ ಕಣ್ಣೂ ಈ ವರ್ಷದ ಉತ್ಸವದ ಮೇಲೆ ಇರುತ್ತದೆ, ಮೂವತ್ತು ವರ್ಷದ ವ್ಯವಸ್ಥೆಯ ಮೇಲೆ ಇರುವುದಿಲ್ಲ. ಮೊದಲ ಬೈಠಕ್ಕಿನಲ್ಲಿ ಸುಲಭದ ಎರಡು ವಿಷಯ ಮುಗಿಸಿ, ಉದಾಹರಣೆಗೆ ನೀರಿನ ಬಿಲ್ಲು, ಚಪ್ಪಲಿ ಸ್ಟ್ಯಾಂಡು. ಎರಡನೆಯದರಲ್ಲಿ ಮಧ್ಯಸ್ಥರು ಎರಡು ಕಡೆಯವರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಒಂದೇ ಪ್ರಶ್ನೆ ಕೇಳಲಿ: ಈ ಪಟ್ಟಿಯಲ್ಲಿ ಬಿಟ್ಟುಕೊಡಲು ಸಾಧ್ಯವೇ ಇಲ್ಲದ್ದು ಯಾವುದು? ಸಾಮಾನ್ಯವಾಗಿ ಒಬ್ಬರದು ಜಾಗ, ಇನ್ನೊಬ್ಬರದು ಹೆಸರು ಅಥವಾ ಉತ್ಸವದ ದಿನ. ಇಬ್ಬರೂ ಒಂದನ್ನೇ ಹೇಳಿದರೆ ಮಾತ್ರ ವ್ಯಾಜ್ಯ ನಿಜಕ್ಕೂ ಕಷ್ಟದ್ದು.

ಬೈಠಕ್ಕಿನಲ್ಲಿ ಯಾರು ಏನಂದರು ಎಂದು ನಡಾವಳಿ ಬರೆಯಬೇಡಿ. ಒಪ್ಪಿದ್ದನ್ನು ಮಾತ್ರ ಬರೆದು ಅಲ್ಲೇ ಸಹಿ ಹಾಕಿಸಿ. 2023ರ ಮಧ್ಯಸ್ಥಿಕೆ ಕಾಯ್ದೆ ಮಧ್ಯಸ್ಥಿಕೆಗೆ 120 ದಿನ, ಬೇಕಾದರೆ ಇನ್ನೂ 60 ದಿನ ಎಂಬ ಅಳತೆ ಇಟ್ಟಿದೆ. ಖಾಸಗಿ ಮಾತುಕತೆಗೂ ಅದೇ ಗಡುವು ಇಟ್ಟುಕೊಳ್ಳುವುದು ಒಳ್ಳೆಯದು.

ಹಂತ 7: ನಾಲ್ಕು ರಾಶಿಗೆ ನಾಲ್ಕು ಬಗೆ

ಸರದಿಯಿಂದಲೇ ಶುರುಮಾಡೋಣ, ಈ ನೆಲಕ್ಕೆ ಅದರ ಅನುಭವ ಬಹಳ ಹಳೆಯದು. ಉಡುಪಿ ಕೃಷ್ಣನ ಪೂಜೆ ಎಂಟು ಮಠಗಳದ್ದು. ಎರಡೆರಡು ತಿಂಗಳ ಸರದಿಯಾಗಿದ್ದುದನ್ನು ಸೋದೆ ಮಠದ ವಾದಿರಾಜರು 1522ರಿಂದ ಎರಡೆರಡು ವರ್ಷಕ್ಕೆ ಏರಿಸಿದರು. ಎರಡು ತಿಂಗಳಲ್ಲಿ ಉಗ್ರಾಣದ ಲೆಕ್ಕ ಕೈಗೆ ಬರುವಷ್ಟರಲ್ಲಿ ಬಿಟ್ಟುಕೊಡುವ ದಿನ ಬರುತ್ತದೆ, ಎರಡು ವರ್ಷವೆಂದರೆ ಯೋಜನೆ ಹಾಕಿ ಮುಗಿಸಬಹುದು. ಪರ್ಯಾಯ ಎನ್ನುವ ಈ ಸರದಿಯಿಂದ ಕಲಿಯಬೇಕಾದ ಮೂರು ಸಂಗತಿಗಳಿವೆ. ಒಂದು, ದಿನಾಂಕ ಚರ್ಚೆಗಿಲ್ಲ: ಎರಡು ವರ್ಷಕ್ಕೊಮ್ಮೆ ಜನವರಿ 18. ಎರಡು, ಸಿದ್ಧತೆ ವರ್ಷದ ಮುಂಚೆಯೇ ಬಹಿರಂಗವಾಗಿ ಶುರುವಾಗುತ್ತದೆ. ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಎಂದು ಒಂದಾದಮೇಲೊಂದು ನಡೆಯುವುದರಿಂದ ಮುಂದೆ ಯಾರು ಎಂಬುದು ಊರಿಗೇ ಗೊತ್ತಿರುತ್ತದೆ. ಮೂರು, ಹಸ್ತಾಂತರ ಕೈಯಿಂದ ಕೈಗೆ: ನಿರ್ಗಮಿಸುವ ಯತಿಗಳು ಅಕ್ಷಯಪಾತ್ರೆ, ಸಟ್ಟುಗ ಮತ್ತು ಕೀಲಿಯನ್ನು ಎಲ್ಲರೆದುರು ಒಪ್ಪಿಸುತ್ತಾರೆ. ನಿಮ್ಮ ಎರಡು ಟ್ರಸ್ಟುಗಳಿಗೂ ಇದೇ ಮೂರು ಬೇಕು. ಬದಲಾಗದ ದಿನಾಂಕ, ಮೂರು ತಿಂಗಳ ಮುಂಚಿನ ಫಲಕ, ಸಾಮಾನು ಪಟ್ಟಿಯೊಂದಿಗೆ ಸಾಕ್ಷಿಗಳ ಎದುರು ಕೀಲಿ ಹಸ್ತಾಂತರ.

ಸರದಿ ಎಷ್ಟು ಚಿಕ್ಕದೋ ತಿಕ್ಕಾಟ ಅಷ್ಟು ಹೆಚ್ಚು. ಆನೆಗೊಂದಿಯ ನವವೃಂದಾವನದಲ್ಲಿ ಉತ್ತರಾದಿ ಮಠ ಮತ್ತು ಮಂತ್ರಾಲಯದ ರಾಯರ ಮಠ ಎರಡೂ ಮಧ್ವಪರಂಪರೆಯವೇ. ಮಧ್ವಾಚಾರ್ಯರ ಶಿಷ್ಯರಾದ ಪದ್ಮನಾಭತೀರ್ಥರ ಮೂರು ದಿನದ ಆರಾಧನೆ ಯಾರು ಮಾಡಬೇಕು ಎಂಬುದು ಹೈಕೋರ್ಟಿಗೆ ಹೋಗಿ, ತಲಾ ಒಂದೂವರೆ ದಿನ ಎಂಬ ಹಂಚಿಕೆಯಲ್ಲಿ ನಡೆದದ್ದಿದೆ. ಆರಾಧನೆಯ ಲೆಕ್ಕದಲ್ಲಿ ನೋಡಿ: ಪೂರ್ವಾರಾಧನೆ, ಮಧ್ಯಾರಾಧನೆ, ಉತ್ತರಾರಾಧನೆ. ಒಂದೂವರೆ ದಿನ ಎಂದರೆ ಗೆರೆ ಬೀಳುವುದು ಮಧ್ಯಾರಾಧನೆಯ ನಟ್ಟನಡುವೆ. ಕೋರ್ಟಿಗೆ ಇದಕ್ಕಿಂತ ಸಮನಾದ ಹಂಚಿಕೆ ಸಿಗದು. ಕೂತು ಮಾತಾಡಿದ್ದರೆ ‘ಈ ವರ್ಷ ಮೂರೂ ದಿನ ನಿಮಗೆ, ಮುಂದಿನ ವರ್ಷ ನಮಗೆ’ ಎನ್ನುವ ದಾರಿ ತೆರೆದಿರುತ್ತದೆ. ಅದೇ ನವವೃಂದಾವನದಲ್ಲಿ 2019ರ ಜುಲೈನಲ್ಲಿ ದುಷ್ಕರ್ಮಿಗಳು ವ್ಯಾಸರಾಜರ ವೃಂದಾವನ ಕೆಡವಿದಾಗ ಬೇರೆ ಬೇರೆ ಮಠಗಳವರು ಒಟ್ಟಿಗೆ ಸೇರಿ ಕೂಡಲೇ ಮತ್ತೆ ಕಟ್ಟಿದರು. ಕಲ್ಲು ಎತ್ತುವ ಕೆಲಸದಲ್ಲಿ ಯಾರೂ ಸರದಿ ಕೇಳಲಿಲ್ಲ.

ಜಾಗ: ಒಡೆತನ ಹಂಚಲು ಹೋಗಬೇಡಿ, ಬಳಕೆ ಹಂಚಿ. ಧಾರ್ಮಿಕ ಉದ್ದೇಶಕ್ಕೆ ದಾನ ಬಂದ ಜಾಗವನ್ನು ಸೀಳುವುದು ಕಾನೂನಿನಲ್ಲೂ ತೊಡಕು. ದಾಖಲೆಯಲ್ಲಿರುವ ಒಡೆಯರು ಒಡೆಯರಾಗಿಯೇ ಉಳಿದು, ಇನ್ನೊಬ್ಬರಿಗೆ ನಿರ್ದಿಷ್ಟ ಕೋಣೆ, ನಿರ್ದಿಷ್ಟ ದಿನ, ನಿರ್ದಿಷ್ಟ ಹೊತ್ತು ಬರೆದುಕೊಡಲಿ. ‘ಅಗತ್ಯವಿದ್ದಾಗ ಬಳಸಬಹುದು’ ಎಂಬ ಸಾಲು ಕಂಡರೆ ಹೊಡೆದುಹಾಕಿ. ‘ಪ್ರತಿ ಏಕಾದಶಿ ಸಂಜೆ 5ರಿಂದ 8.30, ಮೇಲಿನ ಸಭಾಂಗಣ, ಅಡುಗೆಮನೆ ಇಲ್ಲದೆ’ ಎಂದಿರಬೇಕು. ಏಕಾದಶಿ ಎಂದ ಕೂಡಲೇ ಯಾವ ಪಂಚಾಂಗ ಎಂಬ ಪ್ರಶ್ನೆ ಬರುತ್ತದೆ, ಅದನ್ನೂ ಹೆಸರಿಸಿ. ಎರಡು ಪಂಚಾಂಗದಲ್ಲಿ ಏಕಾದಶಿ ಒಂದು ದಿನ ಆಚೀಚೆ ಬಂದು ಇಬ್ಬರೂ ಬಾಗಿಲಲ್ಲಿ ನಿಂತ ಉದಾಹರಣೆಗಳು ಕಡಿಮೆಯೇನಿಲ್ಲ.

ದುಡ್ಡು: ಹಳೆಯ ಬಾಕಿಗೂ ಮುಂದಿನ ಹಂಚಿಕೆಗೂ ಗಂಟು ಹಾಕಬೇಡಿ. ಹಳೆಯದಕ್ಕೆ ಇಬ್ಬರೂ ಒಪ್ಪಿದ ಲೆಕ್ಕಪರಿಶೋಧಕರಿಂದ ಮೂರು ವರ್ಷದ ಲೆಕ್ಕ ಮಾತ್ರ ನೋಡಿಸಿ. ಇಪ್ಪತ್ತು ವರ್ಷದ ಲೆಕ್ಕ ಕೆದಕಿದರೆ ರಸೀದಿಗಳೇ ಸಿಗುವುದಿಲ್ಲ, ಅನುಮಾನ ಮಾತ್ರ ಸಿಗುತ್ತದೆ. ಮುಂದಿನದಕ್ಕೆ ಶೇಕಡಾವಾರು ಹಂಚಿಕೆಗಿಂತ ಖರ್ಚಿನ ಬಾಬತ್ತು ಹಂಚಿಕೊಳ್ಳುವುದು ಬಾಳಿಕೆ ಬರುತ್ತದೆ: ಅನ್ನದಾನ ಒಬ್ಬರದು, ಪಾಠಶಾಲೆ ಒಬ್ಬರದು. ತೆರಿಗೆಯ ಕಡೆ ಮೂರು ಗುಂಡಿಗಳಿವೆ. ಒಂದು ಸಂಸ್ಥೆ ಇನ್ನೊಂದಕ್ಕೆ ದೇಣಿಗೆ ಕೊಟ್ಟರೆ, 2023ರ ಹಣಕಾಸು ಕಾಯ್ದೆಯ ತಿದ್ದುಪಡಿಯಂತೆ ಅದರಲ್ಲಿ ಶೇ 85ರಷ್ಟನ್ನು ಮಾತ್ರ ಕೊಟ್ಟ ಸಂಸ್ಥೆಯ ಧರ್ಮಕಾರ್ಯದ ವಿನಿಯೋಗವೆಂದು ಪರಿಗಣಿಸುತ್ತಾರೆ. ದಾನಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ 80ಜಿ ರಸೀದಿಯನ್ನು ಹಣ ಬಂದ ಖಾತೆಯವರೇ ಕೊಡಬೇಕು, ಒಬ್ಬರ ಹಣಕ್ಕೆ ಇನ್ನೊಬ್ಬರ ರಸೀದಿ ಸಲ್ಲದು. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಆ ವಿನಾಯಿತಿ ಇಲ್ಲವೇ ಇಲ್ಲ. ವಿದೇಶಿ ದೇಣಿಗೆಯನ್ನಂತೂ 2020ರ ತಿದ್ದುಪಡಿಯ ನಂತರ ಪಡೆದ ಸಂಸ್ಥೆ ಬೇರೆ ಯಾವ ಸಂಸ್ಥೆಗೂ ದಾಟಿಸುವಂತಿಲ್ಲ, ಆ ಸಂಸ್ಥೆಗೂ ವಿದೇಶಿ ದೇಣಿಗೆಯ ನೋಂದಣಿ ಇದ್ದರೂ ಅಷ್ಟೇ. ಅಮೆರಿಕದ ಕನ್ನಡ ಭಕ್ತರು ಕಳಿಸಿದ ದುಡ್ಡನ್ನು ಅರ್ಧರ್ಧ ಹಂಚಿಕೊಳ್ಳೋಣ ಎಂದು ರಾಜಿಯಲ್ಲಿ ಬರೆದರೆ ಕಾನೂನು ಮುರಿದುದಕ್ಕೆ ನೀವೇ ಸಾಕ್ಷಿ ಬರೆದುಕೊಟ್ಟಂತೆ.

ಹೆಸರು: ಟ್ರೇಡ್‌ಮಾರ್ಕ್ ನೋಂದಣಿ ಇದೆಯೇ ನೋಡಿ, ಧಾರ್ಮಿಕ ಸೇವೆಗಳು 45ನೇ ವರ್ಗದಲ್ಲಿ ಬರುತ್ತವೆ, ಶಿಕ್ಷಣ 41ರಲ್ಲಿ. ದೇವರ ಹೆಸರು, ಧರ್ಮಗ್ರಂಥದ ಹೆಸರನ್ನು ಒಬ್ಬರೇ ಹಿಡಿದಿಟ್ಟುಕೊಳ್ಳುವುದು ಕಷ್ಟ. ಅಗರಬತ್ತಿಗೆ ‘ರಾಮಾಯಣ’ ಎಂಬ ಹೆಸರಿನ ಏಕಸ್ವಾಮ್ಯವನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಒಪ್ಪಲಿಲ್ಲ. ಗೆಲ್ಲಬಹುದಾದದ್ದು ಲಾಂಛನ, ಅಕ್ಷರವಿನ್ಯಾಸ, ಸಂಕ್ಷಿಪ್ತ ಹೆಸರು. ಒಪ್ಪಂದದಲ್ಲಿ ಹೆಸರಿನ ಮುಂದೆ ಊರು ಸೇರಿಸಿ, ಲಾಂಛನದ ಬಣ್ಣ ಬೇರೆ ಮಾಡಿ, ರಸೀದಿಯ ತಲೆಯಲ್ಲಿ ‘ಇಂಥ ಸಂಸ್ಥೆಗೆ ಸಂಬಂಧವಿಲ್ಲ’ ಎಂದು ಕನ್ನಡದಲ್ಲೇ ಮುದ್ರಿಸಿ. ಭಕ್ತರಿಗೆ ಯಾರಿಗೆ ಕೊಡುತ್ತಿದ್ದೇವೆ ಎಂದು ಗೊತ್ತಾದರೆ ಹೆಸರಿನ ಜಗಳದ ಮುಕ್ಕಾಲು ಭಾಗ ಮುಗಿದಂತೆ.

ಹಂತ 8: ಒಪ್ಪಂದವನ್ನು ಗಟ್ಟಿ ಮಾಡುವುದು

ಬಿಳಿ ಹಾಳೆಯಲ್ಲಿ ಬರೆದು ದೇವರ ಮುಂದಿಟ್ಟ ರಾಜಿ ಪತ್ರಕ್ಕೆ ಗೌರವವಿದೆ, ಜಾರಿ ಮಾಡುವ ಶಕ್ತಿಯಿಲ್ಲ. ದಾವೆ ನಡೆಯುತ್ತಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 23, ನಿಯಮ 3ರ ಅಡಿ ರಾಜಿ ಡಿಕ್ರಿ ಮಾಡಿಸಿ. ಅದು ಸಾರ್ವಜನಿಕ ಟ್ರಸ್ಟ್ ಕುರಿತ, ಅದೇ ಸಂಹಿತೆಯ 92ನೇ ಕಲಮಿನ ದಾವೆ ಅಥವಾ ಭಕ್ತರ ಪರವಾಗಿ ಹೂಡಿದ ಪ್ರಾತಿನಿಧಿಕ ದಾವೆಯಾಗಿದ್ದರೆ ನಿಯಮ 3ಬಿ ನೆನಪಿಡಿ: ನ್ಯಾಯಾಲಯದ ಅನುಮತಿ ಇಲ್ಲದೆ ರಾಜಿ ಮಾಡಿಕೊಂಡರೆ ಅದು ಅಸಿಂಧು. ದಾವೆ ಇಲ್ಲದಿದ್ದರೆ ಲೋಕ ಅದಾಲತ್ತಿನಲ್ಲಿ ಐತೀರ್ಪು ಪಡೆಯಬಹುದು. ಅದು ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಸ್ಥಿರಾಸ್ತಿಯಲ್ಲಿ ಹೊಸದಾಗಿ ಹಕ್ಕು ಹುಟ್ಟಿಸುವ ಮಾತು ಒಪ್ಪಂದದಲ್ಲಿದ್ದರೆ ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಬೇಕು. ದಾವೆಯಲ್ಲಿ ಇಲ್ಲದ ಜಾಗವನ್ನು ರಾಜಿ ಡಿಕ್ರಿಯಲ್ಲಿ ತುರುಕಿದರೂ ನೋಂದಣಿಯಿಂದ ತಪ್ಪಿಸಿಕೊಳ್ಳಲಾಗದು.

ಬೈಲಾ ತಿದ್ದುಪಡಿ ಬೇಕಾದ ಅಂಶಗಳನ್ನು ಬೇರೆ ಪಟ್ಟಿ ಮಾಡಿ, ಎಷ್ಟು ದಿನದಲ್ಲಿ ಮಹಾಸಭೆ ಕರೆಯಬೇಕು ಎಂದು ಬರೆಯಿರಿ. ತಿದ್ದುಪಡಿ ಆಗದಿದ್ದರೆ ಏನು ಎಂಬ ಸಾಲೂ ಇರಬೇಕು.

ಮುಂದಿನ ಜಗಳಕ್ಕೆ ಬಾಗಿಲು: ಇಲ್ಲಿಯೂ ಉಡುಪಿಯ ಒಂದು ಏರ್ಪಾಡು ಅನುಕೂಲಕ್ಕೆ ಬರುತ್ತದೆ. ಎಂಟು ಮಠಗಳನ್ನು ಜೋಡಿ ಮಾಡಿ ದ್ವಂದ್ವ ಮಠ ಎನ್ನುತ್ತಾರೆ. ಒಂದು ಮಠದ ಯತಿಗಳು ಶಿಷ್ಯರನ್ನು ಮಾಡದೆ ತೀರಿಕೊಂಡರೆ ಜೋಡಿ ಮಠದ ಯತಿಗಳು ಉತ್ತರಾಧಿಕಾರಿಯನ್ನು ನೇಮಿಸುತ್ತಾರೆ. 2018ರಲ್ಲಿ ಶೀರೂರು ಮಠಕ್ಕೆ ಆ ಪರಿಸ್ಥಿತಿ ಬಂದಾಗ, 2021ರಲ್ಲಿ ನೇಮಕ ಮಾಡಿದ್ದು ದ್ವಂದ್ವ ಮಠವಾದ ಸೋದೆ. ಹೈಕೋರ್ಟಿನಲ್ಲಿ ಪ್ರಶ್ನೆಯಾದರೂ ನೇಮಕ ನಿಂತಿತು. ನಿಮ್ಮ ಒಪ್ಪಂದದಲ್ಲೂ ಹೀಗೇ ಮೊದಲೇ ಹೆಸರಿಸಿ: ಒಂದು ಸಂಸ್ಥೆಯಲ್ಲಿ ಆಡಳಿತ ಮಂಡಳಿ ಇಲ್ಲದಂತಾದರೆ ಉತ್ಸವ ನಡೆಸುವವರು ಯಾರು, ಜಂಟಿ ಸಮಿತಿಯಲ್ಲಿ ಮತ ಸಮಸಮ ಬಂದರೆ ಯಾರ ಮಾತು ಅಂತಿಮ, ಆ ವ್ಯಕ್ತಿ ಒಪ್ಪದಿದ್ದರೆ ಮುಂದಿನವರು ಯಾರು.

ರಾಜಿ ಮಾಡಿಕೊಳ್ಳಬಾರದ ಸಂಗತಿಗಳು

ಕಾಣಿಕೆ ಹಣ ನುಂಗಿದ ಪುರಾವೆ, ಮಕ್ಕಳ ಮೇಲಿನ ದೌರ್ಜನ್ಯ, ಹಲ್ಲೆ ಇವು ಸಂಸ್ಥೆಗಳ ನಡುವಿನ ಕೊಡುಕೊಳೆಗೆ ಬರುವ ವಿಷಯಗಳಲ್ಲ. ‘ದೂರು ವಾಪಸ್ ತೆಗೆದರೆ ಸಭಾಂಗಣ ಕೊಡುತ್ತೇವೆ’ ಎಂಬ ಪ್ರಸ್ತಾಪ ಬಂದರೆ ಮಧ್ಯಸ್ಥರು ಅಲ್ಲೇ ಬೈಠಕ್ ಮುಗಿಸಬೇಕು. ಹಾಗೆಯೇ, ಇಂಥ ದಿನ ಇಂಥ ಜಾತಿಯವರಿಗೆ ಎಂದು ಪ್ರವೇಶ ಹಂಚುವ ಯಾವ ಏರ್ಪಾಡೂ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಮುಂದೆ ನಿಲ್ಲದು, ಎರಡೂ ಕಡೆಯವರು ಸಂತೋಷದಿಂದ ಸಹಿ ಹಾಕಿದ್ದರೂ.

ಸಹಿಯಾದ ಮರುದಿನ

ಎರಡೂ ಸಂಸ್ಥೆಗಳ ಹೆಸರಿನಲ್ಲಿ ಒಂದೇ ಪ್ರಕಟಣೆ, ಒಂದೇ ಹೊತ್ತಿಗೆ ಎರಡೂ ವಾಟ್ಸ್‌ಆ್ಯಪ್ ಗುಂಪುಗಳಿಗೆ. ಅದರಲ್ಲಿ ಯಾರು ಗೆದ್ದರು ಎಂದು ಅನ್ನಿಸುವ ಒಂದು ಪದವೂ ಇರಬಾರದು: ಯಾವ ಕೌಂಟರಿನಲ್ಲಿ ಯಾವ ಸೇವೆ, ಯಾವ ಖಾತೆ, ಉತ್ಸವ ಯಾರದು, ಅಷ್ಟು ಸಾಕು. ಹಳೆಯ ರಸೀದಿ ಪುಸ್ತಕಗಳನ್ನು ಎರಡೂ ಕಡೆಯವರ ಎದುರು ತಂದು, ಬಳಸದ ಹಾಳೆಗಳ ಮೇಲೆ ‘ರದ್ದು’ ಎಂದು ಅಡ್ಡಗೆರೆ ಎಳೆದು, ಮೊದಲ ಮತ್ತು ಕೊನೆಯ ಕ್ರಮಸಂಖ್ಯೆ ಬರೆದುಕೊಳ್ಳಿ. ಸುಡಬೇಡಿ, ಲೆಕ್ಕಪರಿಶೋಧನೆಗೆ ಬೇಕು. ಬ್ಯಾಂಕಿಗೆ, ವಿದ್ಯುತ್ ಕಂಪನಿಗೆ, ಸಂಘಗಳ ನೋಂದಣಾಧಿಕಾರಿಗೆ ಒಪ್ಪಂದದ ಪ್ರತಿಯೊಂದಿಗೆ ಪತ್ರ ಹೋಗಬೇಕು. ಠಾಣೆಯಲ್ಲಿ ಹಳೆಯ ಅರ್ಜಿಗಳಿದ್ದರೆ ಅಲ್ಲಿಗೂ ಒಂದು ಪ್ರತಿ. ಜಂಟಿ ಸಮಿತಿ ಮೊದಲ ವರ್ಷ ತಿಂಗಳಿಗೊಮ್ಮೆ ಸೇರಲಿ, ವಿಷಯವಿಲ್ಲದಿದ್ದರೂ ಸೇರಲಿ. ಆಮೇಲೆ ಮೂರು ತಿಂಗಳಿಗೊಮ್ಮೆ. ಮೊದಲ ದೊಡ್ಡ ಉತ್ಸವ ಮುಗಿದ ಹತ್ತು ದಿನದೊಳಗೆ ಒಂದು ವಿಶೇಷ ಬೈಠಕ್ ಇಟ್ಟುಕೊಂಡು, ಒಪ್ಪಂದದ ಯಾವ ಸಾಲು ನೆಲದ ಮೇಲೆ ಕೆಲಸ ಮಾಡಲಿಲ್ಲವೋ ಅದನ್ನು ಪೂರಕ ಪತ್ರದಲ್ಲಿ ತಿದ್ದಿಕೊಳ್ಳಿ. ಮೂಲ ಒಪ್ಪಂದ ಡಿಕ್ರಿಯಾಗಿದ್ದರೆ ಆ ತಿದ್ದುಪಡಿಗೆ ಜಂಟಿ ಅರ್ಜಿಯೊಂದಿಗೆ ಅದೇ ನ್ಯಾಯಾಲಯಕ್ಕೆ ಹೋಗಬೇಕೇ ಎಂದು ವಕೀಲರನ್ನು ಕೇಳಿಯೇ ಸಹಿ ಹಾಕಿ.